ನಾನು ಅಂಕ ಕೊಟ್ಟ ಡಯಾಲಿಸಿಸ್ ಕೇಂದ್ರ

ಡೆಟ್ರಾಯಿಟ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಕಾರಿನ ಬ್ರೇಕಿಗೆ ಬೇಕಾದ ಬಿಡಿಭಾಗಗಳನ್ನು ಅಳೆದು, ತೂಗಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವ ಗುಣಮಟ್ಟದ ಇಲಾಖೆ ನಮ್ಮದು. ನಮ್ಮ ಕನ್ನಡ ಕೂಟದ ಗೆಳೆಯರು, "ಇವರನ್ನ ಊಟಕ್ಕೆ ಕರೆಯೋವಾಗ ಹುಷಾರು, ಹೋಳಿಗೆಗೂ ಕೆಂಪು ಚೀಟಿ ಅಂಟಿಸಿಬಿಟ್ಟಾರು" ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೇ ಇತ್ತು.

ನಿವೃತ್ತನಾದ ಎರಡನೆಯ ವರ್ಷ, 2019ರ ಚಳಿಗಾಲದ ಹೊಸ್ತಿಲಲ್ಲಿ, ನನ್ನ ಹೆಂಡತಿಯ ಮೂತ್ರಪಿಂಡಗಳು ಕೈಕೊಟ್ಟವು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಇದು ಬರಬಹುದೆಂದು ಗೊತ್ತೂ ಇತ್ತು. ಆದರೂ ವೈದ್ಯರು, "ಇನ್ನು ಕೆಲವೇ ವಾರ, ಡಯಾಲಿಸಿಸ್ ಎಲ್ಲಿ ಮಾಡಿಸಿಕೊಳ್ಳುತ್ತೀರೋ ನಿರ್ಧರಿಸಿ" ಎಂದಾಗ ಇಬ್ಬರೂ ಮಾತಿಲ್ಲದೆ ಮನೆಗೆ ಬಂದೆವು. ಹೃದಯ ದುರ್ಬಲವಾಗಿದ್ದರಿಂದ ಕಸಿಯ ಮಾತು ಮೊದಲೇ ಮುಗಿದಿತ್ತು. ಮನೆಯಲ್ಲೇ ಮಾಡಿಕೊಳ್ಳುವ ವಿಧಾನವನ್ನು ಅವಳು ಒಪ್ಪಲಿಲ್ಲ. "ಮನೆ ಮನೆಯಾಗೇ ಇರ್ಲಿ. ಮಲಗೋ ಕೋಣೇನ ಆಸ್ಪತ್ರೆ ಮಾಡೋದು ಬೇಡ" ಎಂದಳು. ಉಳಿದದ್ದು ಕೇಂದ್ರಕ್ಕೆ ಹೋಗುವುದು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಬದುಕಿರುವವರೆಗೆ.

ಅವಳು ದೇವರ ಮುಂದೆ ಕೂತಳು, ನಾನು ಕಂಪ್ಯೂಟರ್ ಮುಂದೆ ಕೂತೆ.

ಈ ದೇಶದಲ್ಲಿ ಡಯಾಲಿಸಿಸ್ ಕೇಂದ್ರಗಳಿಗೆ ಸರ್ಕಾರವೇ ಅಂಕ ಕೊಡುತ್ತದೆ. ಅದಕ್ಕೊಂದು ಹಿನ್ನೆಲೆಯಿದೆ. 1960ರಲ್ಲಿ ಸಿಯಾಟಲ್‌ನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ಕೈಯಲ್ಲೇ ಉಳಿಸಬಹುದಾದ ಟೆಫ್ಲಾನ್ ಕೊಳವೆಯನ್ನು ಬಳಕೆಗೆ ತಂದ ಮೇಲೆ ಡಯಾಲಿಸಿಸ್ಸನ್ನು ವರ್ಷಗಟ್ಟಲೆ ನಡೆಸಲು ಸಾಧ್ಯವಾಯಿತು. ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಅಲ್ಲಿ ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಎಂದು ತೀರ್ಮಾನಿಸಲು ಊರಿನ ಕೆಲವರ ಒಂದು ಸಮಿತಿಯೇ ಇತ್ತು. 1971ರಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಎದುರಿಗೇ ಯಂತ್ರಕ್ಕೆ ಕೈಯೊಡ್ಡಿ ಕೂತು ತನ್ನ ಕಷ್ಟ ಹೇಳಿಕೊಂಡರು. ಮರುವರ್ಷ, 1972ರಲ್ಲಿ, ಕಾನೂನು ಬಂತು. ಸಾಕಷ್ಟು ಕಾಲ ದುಡಿದು ತೆರಿಗೆ ಕಟ್ಟಿದವರಿಗೆ, ಅವರ ಸಂಗಾತಿಗೆ, ಮಕ್ಕಳಿಗೆ, ವಯಸ್ಸು ಎಷ್ಟೇ ಇರಲಿ, ಮೂತ್ರಪಿಂಡ ಪೂರ್ತಿ ಕೆಟ್ಟರೆ ಮೆಡಿಕೇರ್ ವಿಮೆ ಸಿಗುತ್ತದೆ ಎಂದು. ಸರ್ಕಾರ ದುಡ್ಡು ಕೊಡುತ್ತದೆಂದರೆ ಲೆಕ್ಕವನ್ನೂ ಕೇಳುತ್ತದೆ. 2015ರಿಂದ ಪ್ರತಿ ಕೇಂದ್ರಕ್ಕೂ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಟ್ಟು ಪ್ರಕಟಿಸುತ್ತಿದೆ.

ನನ್ನಂಥವನಿಗೆ ಇನ್ನೇನು ಬೇಕು? ಇಪ್ಪತ್ತು ಮೈಲಿ ಒಳಗಿನ ಒಂಬತ್ತು ಕೇಂದ್ರಗಳ ಪಟ್ಟಿ ಮಾಡಿದೆ. ಎಷ್ಟು ರೋಗಿಗಳು ಆಸ್ಪತ್ರೆ ಸೇರಿದರು, ಎಷ್ಟು ಜನ ತೀರಿಕೊಂಡರು, ರಕ್ತಕ್ಕೆ ಸೋಂಕು ಎಷ್ಟು ಜನಕ್ಕೆ ತಗುಲಿತು, ಕುತ್ತಿಗೆಯ ಹತ್ತಿರ ಕೊಳವೆ ಇಟ್ಟುಕೊಂಡು ಮೂರು ತಿಂಗಳು ದಾಟಿದವರೆಷ್ಟು, ರಕ್ತ ಎಷ್ಟರಮಟ್ಟಿಗೆ ಶುದ್ಧಿಯಾಗುತ್ತಿದೆ, ಒಂದೊಂದಕ್ಕೂ ಒಂದು ಸಾಲು. ಶುದ್ಧಿಯ ಲೆಕ್ಕಕ್ಕೆ ಕೆಟಿ/ವಿ ಎಂಬ ಅಳತೆಯಿದೆ. ಪ್ರತಿ ಬಾರಿಯೂ ಅದು 1.2ಕ್ಕಿಂತ ಕೆಳಗಿಳಿಯಬಾರದು. ಮೂರು ದಿನದಲ್ಲಿ ಇದೆಲ್ಲ ನನಗೆ ಬಾಯಿಪಾಠವಾಯಿತು. ಹೆಂಡತಿ ಕಾಫಿ ತಂದಿಟ್ಟು ಪರದೆ ನೋಡಿ, "ಇದ್ರಲ್ಲಿ ನೋವಾಗುತ್ತಾ ಇಲ್ವಾ ಅನ್ನೋದು ಯಾವ ಸಾಲು?" ಎಂದು ಕೇಳಿದಳು. ಆ ಸಾಲು ಇರಲಿಲ್ಲ. "ಅದನ್ನೆಲ್ಲ ಅಳೆಯೋಕಾಗಲ್ಲ" ಎಂದೆ.

ಕೊನೆಗೆ ಉಳಿದ ಎರಡು ಕೇಂದ್ರಗಳನ್ನು ನೋಡಿಕೊಂಡು ಬಂದೆವು. ಒಂದರಲ್ಲಿ ನೀರಿನ ಕೋಣೆ ತೋರಿಸುತ್ತೀರಾ ಎಂದಾಗ ವ್ಯವಸ್ಥಾಪಕರು ಹುಬ್ಬೇರಿಸಿದರು. ಇನ್ನೊಂದರಲ್ಲಿ ಖುಷಿಯಿಂದ ಕರೆದುಕೊಂಡು ಹೋದರು. ಡಯಾಲಿಸಿಸ್ಸಿಗೆ ನೀರೇ ಜೀವ. ಒಂದು ಸರದಿಗೆ ಸುಮಾರು 120 ಲೀಟರ್ ನೀರು, ತೆಳುವಾದ ಪೊರೆಯ ಆಚೆ, ರೋಗಿಯ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ನಲ್ಲಿ ನೀರಿಗೆ ಹಾಕಿದ ಕ್ಲೋರಮೈನ್ ಅದರಲ್ಲಿ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಾಗಾಗಿ ಪ್ರತಿ ಸರದಿ ಶುರುವಾಗುವ ಮುನ್ನ ಪರೀಕ್ಷಿಸಿ ಬರೆದಿಡಬೇಕು. ಗೋಡೆಗೆ ತೂಗುಹಾಕಿದ್ದ ಆ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ. ನಾಲ್ಕು ನಕ್ಷತ್ರದ ಕೇಂದ್ರ, ಮನೆಯಿಂದ ಆರು ಮೈಲಿ. ಮನಸ್ಸಿನಲ್ಲೇ ಹಸಿರು ಚೀಟಿ ಅಂಟಿಸಿದೆ.

2020ರ ಜನವರಿಯಲ್ಲಿ ಶುರುವಾಯಿತು. ಸೋಮವಾರ, ಬುಧವಾರ, ಶುಕ್ರವಾರ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಏಳುವುದು, ಕಾರಿನ ಮೇಲಿನ ಹಿಮ ಕೆರೆಯುವುದು, ಐದೂವರೆಗೆ ಕೇಂದ್ರದ ಬಾಗಿಲು. ಎರಡೇ ತಿಂಗಳಲ್ಲಿ ಕೋವಿಡ್ ಬಂದು ಊರಿಗೆ ಊರೇ ಮನೆಯೊಳಗೆ ಸೇರಿಕೊಂಡಿತು. ಮನೆಯೊಳಗೆ ಸೇರಿಕೊಳ್ಳಲಾಗದವರಲ್ಲಿ ನಾವೂ ಇದ್ದೆವು. ಜೊತೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ವಾಹನ ನಿಲ್ದಾಣದಲ್ಲಿ ಕಾರಿನೊಳಗೇ ನಾಲ್ಕು ಗಂಟೆ ಕೂತಿರುತ್ತಿದ್ದೆ.

ಮನೆಯ ಅಡುಗೆಯೂ ಬದಲಾಯಿತು. ಬಾಳೆಹಣ್ಣು, ಎಳನೀರು, ಟೊಮೇಟೊ ಸಾರು, ಆಲೂಗಡ್ಡೆ ಪಲ್ಯ, ಎಲ್ಲದರಲ್ಲೂ ಪೊಟ್ಯಾಸಿಯಂ. ಬೇಳೆ, ಮೊಸರಿನಲ್ಲಿ ರಂಜಕ. ಇವಿಷ್ಟನ್ನೂ ತೆಗೆದರೆ ಹಾಸನ ಜಿಲ್ಲೆಯವರ ಊಟದಲ್ಲಿ ಏನು ಉಳಿಯಿತು? ಅವಳು ತರಕಾರಿಯನ್ನು ಬೇಯಿಸಿ ನೀರು ಬಸಿದು, ಹುಣಸೆಹಣ್ಣು ಮುಟ್ಟದೆ, ಸಾರಿನ ನೆನಪು ಬರುವಂಥದ್ದೊಂದು ಸಾರು ಮಾಡಲು ಕಲಿತಳು. ನೀರಿಗೂ ಮಿತಿ. ಎರಡು ಸರದಿಗಳ ನಡುವೆ ಮೈಯಲ್ಲಿ ನಿಂತ ನೀರನ್ನೆಲ್ಲ ಆ ನಾಲ್ಕು ಗಂಟೆಯಲ್ಲಿ ತೆಗೆಯಬೇಕು. ಗಂಟೆಗೆ, ದೇಹದ ತೂಕದ ಕಿಲೋಗೆ 13 ಮಿಲಿಲೀಟರಿಗಿಂತ ಜೋರಾಗಿ ಎಳೆದರೆ ಹೃದಯಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. 54 ಕಿಲೋದ ಅವಳ ಲೆಕ್ಕವನ್ನು ನಾನು ಪ್ರತಿದಿನ ಮಾಡುತ್ತಿದ್ದೆ.

ಅವಳ ಲೆಕ್ಕ ಬೇರೆ ಇತ್ತು. ಅಲ್ಲಿ ಒಬ್ಬ ತಂತ್ರಜ್ಞೆ ಇದ್ದಳು. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಾಯಿ, ಬೆಳಿಗ್ಗೆ ನಾಲ್ಕಕ್ಕೆ ಕೆಲಸಕ್ಕೆ ಬರುವವಳು. ನನ್ನ ಹೆಂಡತಿಯ ಎಡಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಹೊಲಿದ ಫಿಸ್ಟುಲಾ ಇದೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳು ಗುಂಯ್‌ಗುಡುತ್ತಿರುವ ಹಾಗೆ ಕಂಪನ. ಈಕೆ ಪ್ರತಿ ಸಲವೂ ಮೊದಲು ಎರಡು ಬೆರಳಿಟ್ಟು ಆ ಕಂಪನ ನೋಡುವಳು, ಸ್ಟೆತಸ್ಕೋಪ್ ಇಟ್ಟು ಕೇಳುವಳು, ಆಮೇಲೆ ಸೂಜಿ. ನನ್ನ ಹೆಂಡತಿ ಅವಳಿಗೆ "ನೋವಾಯ್ತಾ?" ಎಂದು ಕೇಳುವುದನ್ನು ಕಲಿಸಿದ್ದಳು. ಸೂಜಿ ಹಾಕಿದ ಕೂಡಲೇ ಆ ಹುಡುಗಿ ತನ್ನ ಅಮೆರಿಕನ್ ನಾಲಿಗೆಯಲ್ಲಿ "ನೋವಾಯಿಟಾ?" ಎನ್ನುವಳು. ಇವಳು "ಇಲ್ಲಮ್ಮ" ಎನ್ನುವಳು. ಹದಿನೈದನೆಯ ಅಳತೆಯ ದಪ್ಪ ಸೂಜಿಗಳು ಅವು, ನೋವಾಗದೆ ಇರುವುದಿಲ್ಲ. ಆದರೂ ಇಲ್ಲಮ್ಮ.

ಒಳಗೆ ವಿಪರೀತ ಚಳಿ. ರಕ್ತ ದೇಹದ ಹೊರಗೆ ಸುತ್ತಾಡಿ ಬರುವುದರಿಂದ ರೋಗಿಗಳಿಗೆ ಇನ್ನೂ ಚಳಿ. ನಾವು 1986ರಲ್ಲಿ ಮೊದಲ ಸಲ ವಿಮಾನ ಹತ್ತುವಾಗ ಅವಳಮ್ಮ ಕೊಟ್ಟಿದ್ದ ಕಂದು ಬಣ್ಣದ ಉಣ್ಣೆಯ ಶಾಲನ್ನು ಅವಳು ಕೇಂದ್ರಕ್ಕೆ ಒಯ್ಯುತ್ತಿದ್ದಳು. ಅದನ್ನು ಹೊದೆಯಲು ಅಡ್ಡಿಯಿಲ್ಲ, ಆದರೆ ಒಂದು ನಿಯಮವಿದೆ. ಚಿಕಿತ್ಸೆ ನಡೆಯುವಷ್ಟು ಹೊತ್ತೂ ರೋಗಿಯ ಮುಖ, ಸೂಜಿ ಹಾಕಿದ ಜಾಗ, ಕೊಳವೆಗಳ ಜೋಡಣೆ ಮೂರೂ ಕಣ್ಣಿಗೆ ಕಾಣುತ್ತಿರಬೇಕು. ಆ ತಂತ್ರಜ್ಞೆ ಹಾದುಹೋಗುವಾಗಲೆಲ್ಲ ಶಾಲನ್ನು ಎಡಗೈಯಿಂದ ಸರಿಸಿ ಹೋಗುವಳು. "ನೀವಾದರೂ ಹೇಳಿ" ಎಂದು ನನಗೂ ಎರಡು ಸಲ ಹೇಳಿದ್ದಳು.

2023ರ ಫೆಬ್ರವರಿಯ ಒಂದು ಶುಕ್ರವಾರ. ಹಿಂದಿನ ರಾತ್ರಿ ಹಿಮ ಸುರಿದಿತ್ತು. ಕೆಲಸದವರಲ್ಲಿ ಇಬ್ಬರು ಬಂದಿರಲಿಲ್ಲ. ಎಂದೂ ನಾಲ್ಕು ಕುರ್ಚಿ ನೋಡಿಕೊಳ್ಳುತ್ತಿದ್ದ ತಂತ್ರಜ್ಞೆ ಆ ದಿನ ಆರು ಕುರ್ಚಿಗಳ ನಡುವೆ ಓಡಾಡುತ್ತಿದ್ದಳು. ಅಷ್ಟು ಹೊತ್ತಿಗೆ ಕೋವಿಡ್ ನಿರ್ಬಂಧ ಸಡಿಲವಾಗಿ, ಸೂಜಿ ಹಾಕಿದ ಮೇಲೆ ಹತ್ತು ನಿಮಿಷ ನನ್ನನ್ನು ಒಳಗೆ ಬಿಡುತ್ತಿದ್ದರು. ಹೋದಾಗ ಅವಳು ನಡುಗುತ್ತಿದ್ದಳು. ಶಾಲನ್ನು ಕತ್ತಿನವರೆಗೆ ಎಳೆದೆ. ಎರಡೂ ಪಕ್ಕದಲ್ಲಿ ಅಂಚನ್ನು, ಮಗುವಿಗೆ ಹೊದಿಸುವ ಹಾಗೆ, ಕೈಯ ಕೆಳಗೆ ಸಿಕ್ಕಿಸಿದೆ. ಅವಳು ಕಣ್ಣು ಮುಚ್ಚಿದಳು. ನಾನು ಹೊರಗೆ ಬಂದು ಕಾರಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದೆ.

ಏಳೂಮುಕ್ಕಾಲಿನ ನಂತರ ಫೋನ್ ಬಂತು.

ರಕ್ತವನ್ನು ದೇಹಕ್ಕೆ ಮರಳಿಸುವ ಸೂಜಿ ಜಾರಿತ್ತು. ಪಂಪು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಪಕ್ಕದ ಕುರ್ಚಿಯ ರೋಗಿ, ಬಸ್ ಓಡಿಸಿ ನಿವೃತ್ತರಾದ ಒಬ್ಬ ಮುದುಕರು, ಕುರ್ಚಿಯ ಕೆಳಗೆ ನೆಲ ಕೆಂಪಾಗುತ್ತಿರುವುದನ್ನು ಕಂಡು ಕೂಗಿಕೊಂಡರು. ನರ್ಸ್ ಓಡಿಬಂದು ಪಂಪು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಮೂರು ರಾತ್ರಿ ಅಲ್ಲಿದ್ದೆವು.

ಯಂತ್ರವೇಕೆ ಕೂಗಿಕೊಳ್ಳಲಿಲ್ಲ ಎಂದು ನಾನು ಕೇಳಿದ್ದು ಸಹಜ. ಉತ್ತರವನ್ನು ಆಮೇಲೆ ಓದಿ ತಿಳಿದುಕೊಂಡೆ. ಯಂತ್ರ ನೋಡುವುದು ಮರಳುವ ಕೊಳವೆಯೊಳಗಿನ ಒತ್ತಡವನ್ನು. ಆ ಒತ್ತಡ ಬಹುಪಾಲು ಹುಟ್ಟುವುದು ಸೂಜಿಯ ಸಣ್ಣ ರಂಧ್ರದಿಂದಲೇ. ಸೂಜಿ ಕೈಯಲ್ಲಿದ್ದರೂ ಒಂದೇ, ಶಾಲಿನಲ್ಲಿದ್ದರೂ ಹೆಚ್ಚು ಕಡಿಮೆ ಒಂದೇ. ರಕ್ತ ಮೈಗೆ ಹೋಗುತ್ತಿದೆಯೋ ಬಟ್ಟೆಗೆ ಹೋಗುತ್ತಿದೆಯೋ ಎಂಬುದು ಯಂತ್ರಕ್ಕೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಿಮಿಷಕ್ಕೆ 350ರಿಂದ 400 ಮಿಲಿಲೀಟರ್ ರಕ್ತ ಹರಿಯುವ ಜಾಗ ಅದು. ಹಾಗಾಗಿಯೇ ಕಣ್ಣಿಗೆ ಕಾಣಬೇಕು ಎಂಬ ನಿಯಮ.

ಮನೆಗೆ ಬಂದ ಮೂರನೆಯ ದಿನ ದೂರು ಬರೆಯಲು ಕೂತೆ. ಅಮೆರಿಕದಲ್ಲಿ ದೂರು ಕೊಡಲು ದಾರಿಗಳಿವೆ. ಕೇಂದ್ರಕ್ಕೇ ಕೊಡಬಹುದು. ಮೂತ್ರಪಿಂಡ ರೋಗಿಗಳ ಚಿಕಿತ್ಸೆ ಗಮನಿಸಲು ದೇಶವನ್ನು 18 ಭಾಗ ಮಾಡಿ ಒಂದೊಂದಕ್ಕೂ ನೆಟ್‌ವರ್ಕ್ ಎಂಬ ಸಂಸ್ಥೆಯಿದೆ, ಅದಕ್ಕೆ ಕೊಡಬಹುದು. ರಾಜ್ಯದ ತಪಾಸಣಾ ಇಲಾಖೆಗೂ ಕೊಡಬಹುದು. ನಾನು ಮೊದಲೆರಡಕ್ಕೂ ಕೊಟ್ಟೆ. ಚಿಕಿತ್ಸೆಯ ದಾಖಲೆ ತರಿಸಿಕೊಂಡೆ. ಅರ್ಧ ಗಂಟೆಗೊಮ್ಮೆ ರೋಗಿಯನ್ನು ನೋಡಿ ಗುರುತು ಹಾಕುವ ಹಾಳೆ. ಆರೂವರೆ, ಏಳು, ಏಳೂವರೆ, ಮೂರರಲ್ಲೂ "ಸೂಜಿಯ ಜಾಗ ಕಾಣುತ್ತಿದೆ" ಎಂಬುದರ ಎದುರು ಟಿಕ್ ಗುರುತು.

ಕಾಣುತ್ತಿರಲಿಲ್ಲ. ಅದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಎರಡು ಪುಟದ ಪತ್ರ. ದಾಖಲೆ ಸುಳ್ಳೆಂದು ಬರೆದೆ, ಗುರುತು ಹಾಕಿದವರ ಸಹಿಯನ್ನು ತೋರಿಸಿದೆ. ಇಂಥ ಪತ್ರ ಬರೆದು ಪಳಗಿದ ಕೈ. ಒಂದು ಅನಾವಶ್ಯಕ ಪದವಿಲ್ಲ, ಒಂದು ಕೋಪದ ಮಾತಿಲ್ಲ. ಶಾಲಿನ ಮಾತು ಒಂದೇ ಕಡೆ ಬರುತ್ತದೆ, ರಕ್ತ ಶಾಲನ್ನು ತೋಯಿಸಿತ್ತು ಎಂದು. ಅದು ಕೈಯ ಮೇಲೆ ಹೇಗೆ ಬಂತು ಎಂಬ ವಾಕ್ಯ ಆ ಪತ್ರದಲ್ಲಿಲ್ಲ. ಬರೆಯುವಾಗ ಮರೆತೆನೇ? ಮರೆತೆ ಎಂದು ಹಲವು ದಿನ ನನಗೆ ನಾನೇ ಹೇಳಿಕೊಂಡೆ.

ಒಂಬತ್ತು ದಿನದ ಮೇಲೆ ವ್ಯವಸ್ಥಾಪಕರು ಫೋನ್ ಮಾಡಿ, ಘಟನೆಯನ್ನು ಗಂಭೀರವಾಗಿ ಪರಿಗಣಿಸಿ ಕ್ರಮ ಕೈಗೊಂಡಿದ್ದೇವೆ ಎಂದರು. ಮುಂದಿನ ಸೋಮವಾರ ನನ್ನ ಹೆಂಡತಿಗೆ ಸೂಜಿ ಹಾಕಲು ಬಂದವನು ಹೊಸ ಹುಡುಗ. ಬೆರಳಿಡಲಿಲ್ಲ, ಕೇಳಲಿಲ್ಲ. ಸೂಜಿ ನಾಳವನ್ನು ಹಾದು ಆಚೆ ಹೋಗಿ ತೋಳು ನೇರಳೆಯಾಗಿ ಊದಿಕೊಂಡಿತು. ಎರಡನೆಯ ಸಲಕ್ಕೆ ಸರಿಹೋಯಿತು. ಸರದಿ ಮುಗಿದು ಕಾರು ಹತ್ತಿದ ಮೇಲೆ ಅವಳು ಕೇಳಿದಳು, "ಆ ಹುಡುಗಿ ಎಲ್ಲಿ?"

"ತೆಗೆದುಹಾಕಿದ್ರಂತೆ."

ಎರಡು ಮೈಲಿ ಮಾತಿಲ್ಲ. ಕೆಂಪು ದೀಪದ ಹತ್ತಿರ ಕಾರು ನಿಂತಾಗ, ನನ್ನ ಕಡೆ ನೋಡದೆ, "ಶಾಲು ಹೊದಿಸಿದ್ದು ಯಾರು ಅಂತ ಬರ್ದಿದ್ರಾ ಅದ್ರಲ್ಲಿ?" ಎಂದಳು.

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ.

ಆ ದಿನದಿಂದ ಸುಮಾರು ಒಂದು ತಿಂಗಳು ನಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನನ್ನ ವಾದ ಹೂಡಬಹುದಿತ್ತು. ವಾದವೇನೂ ಇರಲಿಲ್ಲವೆಂದಲ್ಲ. ನೋಡದೆ ಟಿಕ್ ಹಾಕಿದ್ದು ತಪ್ಪೇ. ಅವಳ ತಪ್ಪಿನಿಂದ ನನ್ನ ಹೆಂಡತಿ ಸಾಯಬಹುದಿತ್ತು. ಆದರೆ ನೋಡದೆ ಹಾಕುವ ಟಿಕ್ ಎಲ್ಲಿಂದ ಹುಟ್ಟುತ್ತದೆಂದು ನನಗೆ ತಿಳಿಯದ್ದೇನು? ಕಾರ್ಖಾನೆಯಲ್ಲಿ ಇಂಥ ಸಾವಿರ ಹಾಳೆ ನೋಡಿದ್ದೆ. ಇಬ್ಬರ ಕೆಲಸವನ್ನು ಒಬ್ಬನಿಗೆ ಕೊಟ್ಟರೆ ಮೊದಲು ಕೆಡುವುದು ಕೆಲಸವಲ್ಲ, ಕಾಗದ. ಕಾಗದ ಸರಿಯಾಗಿಯೇ ಇರುತ್ತದೆ, ಸತ್ಯ ಮಾತ್ರ ಇರುವುದಿಲ್ಲ. ಗುಣಮಟ್ಟದ ಕೆಲಸ ಮಾಡುವವರಿಗೆಲ್ಲ ಗುರುವಾಗಿದ್ದ ಎಡ್ವರ್ಡ್ಸ್ ಡೆಮಿಂಗ್, ಬಹುಪಾಲು ದೋಷ ವ್ಯವಸ್ಥೆಯದು, ಕೆಲಸಗಾರನದಲ್ಲ ಎಂದು ಜೀವನಪೂರ್ತಿ ಹೇಳಿದರು. ಅದನ್ನೇ ನಾನು ಹೊಸಬರಿಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಒಂದು ಬೋಲ್ಟು ಸಡಿಲವಾದಾಗ "ಯಾರು?" ಎಂದು ಕೇಳುವವನಿಗೆ, "ಯಾಕೆ ಎಂದು ಐದು ಸಲ ಕೇಳು" ಎಂದು ಗದರುತ್ತಿದ್ದೆ. ನನ್ನವರ ರಕ್ತ ನೆಲಕ್ಕೆ ಬಿದ್ದಾಗ ನಾನು ಕೇಳಿದ್ದು "ಯಾರು?" ಎಂದು ಮಾತ್ರ. ಅದೂ ಉತ್ತರದ ಅರ್ಧ ನನ್ನ ಕೈಯಲ್ಲೇ ಇದ್ದಾಗ.

ಏಪ್ರಿಲ್ ಹೊತ್ತಿಗೆ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಡಯಾಲಿಸಿಸ್ ರೋಗಿಗಳ ಅನುಭವ ಕೇಳುವ ಸಮೀಕ್ಷೆ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ನಾನು ಕನ್ನಡಕ ಹಾಕಿಕೊಂಡು ಪೆನ್ನು ತೆಗೆದೆ. ಅವಳು ಜೊತೆಗಿದ್ದ ಪತ್ರವನ್ನು ನನ್ನ ಮುಂದೆ ಹಿಡಿದಳು. ರೋಗಿಯೇ ಉತ್ತರಿಸಬೇಕು, ರೋಗಿಯ ಪರವಾಗಿ ಬೇರೆಯವರು ಉತ್ತರಿಸುವಂತಿಲ್ಲ ಎಂದಿತ್ತು. ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆಮನೆಯ ಮೇಜಿನ ಮೇಲೆ ಒಂದು ಗಂಟೆ ಕೂತಳು.

ಆ ಪ್ರಶ್ನೆಗಳನ್ನು ಅವಳ ಹೆಗಲ ಮೇಲಿಂದ ನೋಡಿದೆ. ಸಿಬ್ಬಂದಿ ನಿಮ್ಮ ಮಾತನ್ನು ಗಮನವಿಟ್ಟು ಕೇಳುತ್ತಾರೆಯೇ? ಸೂಜಿಯನ್ನು ಆದಷ್ಟು ಕಡಿಮೆ ನೋವಾಗುವಂತೆ ಹಾಕುತ್ತಾರೆಯೇ? ಯಂತ್ರದ ಮೇಲಿರುವಾಗ ನಿಮಗೆ ಬೇಕಾದಷ್ಟು ಹತ್ತಿರದಿಂದ ನಿಮ್ಮನ್ನು ನೋಡಿಕೊಳ್ಳುತ್ತಾರೆಯೇ? ಮೂರು ವರ್ಷದ ಹಿಂದೆ, ನೋವಾಗುತ್ತದೋ ಇಲ್ಲವೋ ಅನ್ನುವ ಸಾಲು ಯಾವುದೆಂದು ಅವಳು ಕೇಳಿದಾಗ ಅದನ್ನೆಲ್ಲ ಅಳೆಯೋಕಾಗಲ್ಲ ಎಂದಿದ್ದೆ. ಅಳೆಯುತ್ತಾರೆ. ರೋಗಿಗಳ ಈ ಉತ್ತರಗಳಿಗೂ ಬೇರೆ ನಕ್ಷತ್ರಗಳಿವೆ. ಅದೇ ಪುಟದಲ್ಲಿ ಇನ್ನೊಂದು ಕಡೆ ಇದ್ದವು. ರೋಗಿಗಳ ಅಭಿಪ್ರಾಯವೆಂದರೆ ಅಳತೆಯಲ್ಲ ಎಂದುಕೊಂಡು ನಾನೇ ಆ ಸಾಲನ್ನು ನನ್ನ ಪಟ್ಟಿಯಲ್ಲಿ ಸೇರಿಸಿರಲಿಲ್ಲ.

ಆ ರಾತ್ರಿ ಎರಡನೆಯ ಪತ್ರ ಬರೆದೆ. ಅದೇ ವ್ಯವಸ್ಥಾಪಕರಿಗೆ, ಅದೇ ನೆಟ್‌ವರ್ಕಿಗೆ. ಮೊದಲ ವಾಕ್ಯ: ಆ ದಿನ ರೋಗಿಯ ಕೈಯನ್ನು ಶಾಲಿನಿಂದ ಮುಚ್ಚಿದವನು ನಾನು, ಮುಚ್ಚಬಾರದೆಂದು ಆ ತಂತ್ರಜ್ಞೆ ನನಗೆ ಮೊದಲೇ ಹೇಳಿದ್ದಳು. ಆಮೇಲೆ ಮೊದಲ ಪತ್ರದಲ್ಲೇ ಕೇಳಬೇಕಾಗಿದ್ದ ಪ್ರಶ್ನೆಗಳು. ಆ ಬೆಳಿಗ್ಗೆ ಎಷ್ಟು ಜನ ಕೆಲಸಕ್ಕೆ ಬಂದಿದ್ದರು? ಎಷ್ಟು ಕುರ್ಚಿ ತುಂಬಿದ್ದವು? ಜನ ಕಡಿಮೆಯಿದ್ದಾಗ ಎಲ್ಲರನ್ನೂ ಒಟ್ಟಿಗೇ ಕೂರಿಸಬೇಕೆಂದು ನಿರ್ಧರಿಸಿದವರು ಯಾರು? ಸರ್ಕಾರದ ನಿಯಮದಲ್ಲಿ ಚಿಕಿತ್ಸೆ ನಡೆಯುವಾಗ ಒಬ್ಬ ನೋಂದಾಯಿತ ನರ್ಸ್ ಇರಲೇಬೇಕು, ಸಿಬ್ಬಂದಿ ಸಾಕಷ್ಟಿರಬೇಕು ಎಂದಿದೆ. ಸಾಕಷ್ಟು ಎಂದರೆ ಒಬ್ಬರಿಗೆ ಎಷ್ಟು ಕುರ್ಚಿ ಎಂಬ ಸಂಖ್ಯೆ ದೇಶಕ್ಕೆಲ್ಲ ಅನ್ವಯಿಸುವಂತೆ ಇಲ್ಲ. ನಕ್ಷತ್ರಗಳ ಲೆಕ್ಕದಲ್ಲೂ ಆ ಸಂಖ್ಯೆ ಇಲ್ಲ. ಒಂಬತ್ತು ಕೇಂದ್ರಗಳ ನನ್ನ ಪಟ್ಟಿಯಲ್ಲೂ ಇರಲಿಲ್ಲ. ನೀರಿನ ಕೋಣೆ ನೋಡಿದ ದಿನ ನಾನು ತಲೆಯೆಣಿಸಿರಲಿಲ್ಲ.

ಉತ್ತರ ಬಂತು. ನೌಕರರ ವಿಷಯ ಹೊರಗಿನವರೊಂದಿಗೆ ಚರ್ಚಿಸಲಾಗದು ಎಂದು ಒಂದು ಸಾಲು. ನಿಮ್ಮ ಮಾಹಿತಿಗಾಗಿ ವಂದನೆ ಎಂದು ಇನ್ನೊಂದು. ಆ ಹುಡುಗಿ ಮತ್ತೆ ಬರಲಿಲ್ಲ. ಎಲ್ಲಿ ಕೆಲಸ ಮಾಡುತ್ತಿದ್ದಾಳೆ, ಮಾಡುತ್ತಿದ್ದಾಳೆಯೇ ಎಂಬುದು ನನಗೆ ತಿಳಿದಿಲ್ಲ. ನನ್ನ ಎರಡನೆಯ ಪತ್ರವನ್ನು ಯಾರಾದರೂ ಅವಳಿಗೆ ತೋರಿಸಿದರೇ ಎಂದು ಹೆಂಡತಿ ಎರಡು ಸಲ ಕೇಳಿದ್ದಾಳೆ.

ಒಂದು ಬದಲಾವಣೆ ಆಯಿತು. ಈಗ ಜನ ಕಡಿಮೆಯಿರುವ ದಿನ ಕೇಂದ್ರದವರು ರೋಗಿಗಳನ್ನು ಒಬ್ಬೊಬ್ಬರಾಗಿ ತಡಮಾಡಿ ಕೂರಿಸುತ್ತಾರೆ. ಒಂದೊಂದು ದಿನ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಹೊರಗಿನ ಕೋಣೆಯಲ್ಲಿ ಬೈಯುವವರಿದ್ದಾರೆ. ನನ್ನ ಪತ್ರದಿಂದಲೇ ಹೀಗಾಯಿತೋ ಬೇರೆ ಕಾರಣಕ್ಕೋ, ನಾನು ಮಾತ್ರ ಬೈಯುವುದಿಲ್ಲ. ಕೇಂದ್ರದ ನಕ್ಷತ್ರ ಮರುವರ್ಷವೂ ನಾಲ್ಕೇ ಇತ್ತು. ಅದರಲ್ಲಿ ಮೋಸವೇನೂ ಇಲ್ಲ. ಆ ಲೆಕ್ಕ ಎಷ್ಟೋ ರೋಗಿಗಳದು, ಕೆಲವು ಸಾಲುಗಳಂತೂ ನಾಲ್ಕು ವರ್ಷ ಸೇರಿಸಿದ್ದು. ಒಂದು ಶುಕ್ರವಾರ ಅದರಲ್ಲಿ ಕಾಣುವುದಿಲ್ಲ. ನಕ್ಷತ್ರ ನೋಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ನಕ್ಷತ್ರದ ಕೇಂದ್ರಕ್ಕೆ ಈಗಲೂ ಇವಳನ್ನು ಕಳಿಸಲಾರೆ. ನಕ್ಷತ್ರ ಹೇಳುವುದು ಹೋದ ವರ್ಷಗಳ ಮಾತು. ಇವತ್ತಿನ ಬೆಳಗಿನದನ್ನು ಇವತ್ತೇ ನೋಡಬೇಕು.

ಕಳೆದ ವರ್ಷ ಅರಸೀಕೆರೆಯಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಅದೇ ಮನೆತನದ ಸಕ್ಕರೆ ಕಾಯಿಲೆ, ಅದೇ ದಾರಿ. 2016ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯ ನಂತರ ಊರ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದಿವೆ. ಅವನಿಗೆ ವಾರಕ್ಕೆ ಎರಡು ಸರದಿ. "ಭಾವ, ನೀವು ಇದ್ರಲ್ಲಿ ಎಕ್ಸ್‌ಪರ್ಟು. ನಮ್ಮ ಸೆಂಟರು ಚೆನ್ನಾಗಿದೆಯೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತೆ?" ಎಂದ. ಎಕ್ಸ್‌ಪರ್ಟು ಎಂಬ ಮಾತಿಗೆ ಹೆಂಡತಿ ನನ್ನ ಮುಖ ನೋಡಿದಳು.

ಆದರೂ ಬರೆದು ಕಳಿಸಿದೆ. ಇವತ್ತು ನೀರಿನ ಪರೀಕ್ಷೆ ಆಯಿತೇ ಎಂದು ಕೇಳು. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ತೊಳೆದು ಹೊಸ ಗ್ಲೌಸು ಹಾಕುತ್ತಾರೆಯೇ ನೋಡು. ಶೋಧಕವನ್ನು ಮತ್ತೆ ಬಳಸುವುದಾದರೆ ಅದರ ಮೇಲೆ ನಿನ್ನದೇ ಹೆಸರಿದೆಯೇ ಓದಿಕೋ. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರವಿದೆಯೇ ತಿಳಿದುಕೋ. ಸೂಜಿಗೆ ಮೊದಲು ಕೈ ಮುಟ್ಟಿ ನೋಡುತ್ತಾರೆಯೇ ಗಮನಿಸು. ನಾಲ್ಕು ಗಂಟೆ ಹೇಳಿದ್ದರೆ ನಾಲ್ಕು ಗಂಟೆ ಕೂತುಕೋ, ಬಸ್ಸಿಗೆ ಹೊತ್ತಾಯಿತೆಂದು ಬೇಗ ಬಿಡಿಸಿಕೊಳ್ಳಬೇಡ. ಒಬ್ಬರ ಕೈಕೆಳಗೆ ಎಷ್ಟು ಜನ ರೋಗಿಗಳು, ಎಣಿಸು.

ಅವನು ಓದಿ ನಕ್ಕ. "ಇಷ್ಟೆಲ್ಲ ಕೇಳಿದ್ರೆ ಓಡಿಸ್ತಾರೆ ಭಾವ. ಯಾವುದಾದ್ರೂ ಒಂದು ಹೇಳಿ."

ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ ಫೋನ್ ಕಸಿದುಕೊಂಡಳು. "ಎಷ್ಟೇ ಚಳಿಯಾದ್ರೂ ಕೈ ಮುಚ್ಕೋಬೇಡ. ಸೂಜಿ ಹಾಕೋರ ಹೆಸರು ಕೇಳ್ಕೊಂಡು, ಹೆಸರಿಡ್ದು ಕರಿ. ಇಷ್ಟು ಸಾಕು" ಎಂದಳು.

ಆಸ್ಪತ್ರೆಯವರು ಆ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ತಣ್ಣೀರಿನಲ್ಲಿ ಮೂರು ಸಲ ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಬಿಸಾಡೋಣವೆಂದರೆ ಅವಳು ಕೇಳಲಿಲ್ಲ. ಕಲೆಯಿದ್ದ ಎಡಭಾಗವನ್ನು ಕತ್ತರಿಸಿ ಅಂಚು ಹೊಲಿದಳು. ಈಗ ಅದು ಬಲ ಹೆಗಲಿನಿಂದ ಎದೆಯವರೆಗೆ ಬರುತ್ತದೆ, ಎಡಗೈ ಹೊರಗಿರುತ್ತದೆ. ಸೂಜಿ ಹಾಕಿದ ಮೇಲೆ ನನಗೆ ಈಗಲೂ ಹತ್ತು ನಿಮಿಷ ಸಿಗುತ್ತದೆ. ಹೊಸ ಹುಡುಗ ಈಗ ಹೊಸಬನಲ್ಲ, ಮುಟ್ಟಿ ನೋಡಿ ಸೂಜಿ ಹಾಕುವುದನ್ನು ಕಲಿತಿದ್ದಾನೆ. "ನೋವಾಯ್ತಾ" ಎಂದು ಕೇಳುವುದನ್ನು ಅವನಿಗೆ ಅವಳು ಕಲಿಸಿಲ್ಲ. ನಾನು ಸೂಜಿಯನ್ನು, ಅಂಟುಪಟ್ಟಿಯನ್ನು, ಕೊಳವೆಗಳ ಜೋಡಣೆಯನ್ನು ನೋಡುತ್ತೇನೆ, ಎಷ್ಟು ಜನ ಕೆಲಸದಲ್ಲಿದ್ದಾರೆಂದು ಎಣಿಸುತ್ತೇನೆ, ಅವಳ ಬೆರಳು ತಣ್ಣಗಿದ್ದರೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಹೊರಗೆ ಬರುತ್ತೇನೆ.

ಈ ವಸಂತದಲ್ಲೂ ಸಮೀಕ್ಷೆಯ ಲಕೋಟೆ ಬಂದಿತ್ತು. ಕೊನೆಯ ಹತ್ತಿರ, ಸೊನ್ನೆಯಿಂದ ಹತ್ತರವರೆಗೆ ನಿಮ್ಮ ಕೇಂದ್ರಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂಬ ಪ್ರಶ್ನೆಯಿರುತ್ತದೆ. ಅವಳು ತುಂಬಿ, ಅಂಟಿಸಿ, ಅಂಚೆಗೆ ಹಾಕಿ ಬನ್ನಿ ಎಂದು ಕೊಟ್ಟಳು. ಹಾಕಿ ಬಂದೆ. ಎಷ್ಟು ಕೊಟ್ಟೆ ಎಂದು ಕೇಳಲಿಲ್ಲ.